ಜೇನು ಪೆಟ್ಟಿಗೆಯಲ್ಲಿ ರಾಣಿ ಸಾಕಣೆ ಮತ್ತು ಪರಾಗ ಸಂಗ್ರಹ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ರಾಣಿ ಬೆಳೆಸಲೆಂದು ಮೇಣದ ಪುಟ್ಟ ಕಪ್‌ಗಳಲ್ಲಿ ಇಟ್ಟ ಜೇನಿನ ಮರಿಹುಳುಗಳು ಮರುದಿನ ಕಾಣೆಯಾಗಿರುತ್ತವೆ. ಮುಚ್ಚಿದ ರಾಣಿ ಕೋಶಗಳು ಪಕ್ಕದಲ್ಲಿ ಹರಿದಿರುತ್ತವೆ. ಹೊರಬಂದ ರಾಣಿ ಮೂರು ವಾರವಾದರೂ ಮೊಟ್ಟೆ ಇಡುವುದಿಲ್ಲ. ನಿನ್ನೆಯವರೆಗೆ ತುಂಬುತ್ತಿದ್ದ ಪರಾಗದ ತಟ್ಟೆಯಲ್ಲಿ ಇಂದು ಬೆರಳೆಣಿಕೆಯ ಕಾಳುಗಳು. ಕೆಲವೇ ಪೆಟ್ಟಿಗೆಗಳನ್ನು ಇಟ್ಟುಕೊಂಡು ರಾಣಿ ಸಾಕಣೆಯನ್ನೂ ಪರಾಗ ಸಂಗ್ರಹವನ್ನೂ ಒಟ್ಟಿಗೆ ನಡೆಸುವವರು ಇವೆಲ್ಲವನ್ನೂ ಒಂದಲ್ಲ ಒಂದು ಋತುವಿನಲ್ಲಿ ಕಾಣುತ್ತಾರೆ. ಹೆಚ್ಚಿನವರು ಇವನ್ನು ಬೇರೆ ಬೇರೆ ತೊಂದರೆಗಳೆಂದು ಬಗೆದು, ಪ್ರತಿಯೊಂದಕ್ಕೂ ಬೇರೆ ಬೇರೆ ಮದ್ದು ಹುಡುಕುತ್ತಾರೆ. ದಾರಿ ತಪ್ಪುವುದು ಅಲ್ಲಿಯೇ.

ರಾಣಿಯನ್ನು ಬೆಳೆಸುವ ರಾಜಶಾಹಿ ರಸವನ್ನು ದಾದಿ ನೊಣಗಳು ತಮ್ಮ ತಲೆಯ ಗ್ರಂಥಿಗಳಲ್ಲಿ ತಯಾರಿಸುತ್ತವೆ. ಆ ಗ್ರಂಥಿಗಳು ಬಲಿಯಲು ದಾದಿಗಳು ಹೊಟ್ಟೆ ತುಂಬ ಪರಾಗ ತಿಂದಿರಬೇಕು. ಬಾಗಿಲಿಗೆ ಪರಾಗ ಟ್ರ್ಯಾಪ್ (ನೊಣಗಳ ಕಾಲಿನ ಪರಾಗ ತಟ್ಟೆಗೆ ಉದುರುವಂತೆ ಮಾಡುವ ಜಾಲರಿ) ಹಾಕಿ ನಾವು ಉದುರಿಸಿಕೊಳ್ಳುವ ಪರಾಗ ಅದೇ ಉಗ್ರಾಣದ ಪಾಲು. ಹಾಗಾಗಿ ರಾಣಿಯ ಸೋಲಿಗೆ ಕಾರಣವನ್ನು ಪರಾಗದ ಕಡೆಯಲ್ಲೂ, ಪರಾಗದ ಕೊರತೆಗೆ ಕಾರಣವನ್ನು ರಾಣಿಯ ಕಡೆಯಲ್ಲೂ ಹುಡುಕಬೇಕು. ಇನ್ನೊಂದು ಮಾತು: ಜೇನು ಕುಟುಂಬದಲ್ಲಿ ಇಂದು ಕಣ್ಣಿಗೆ ಬೀಳುವ ದೋಷ ಹುಟ್ಟಿದ್ದು ಇಂದಲ್ಲ. ಅದು ಹತ್ತು ದಿನ, ಮೂರು ವಾರ, ಕೆಲವೊಮ್ಮೆ ಐದು ವಾರ ಹಿಂದಿನದು. ಆದ್ದರಿಂದ ಹೊಗೆ ತಿದಿ ಕೈಗೆತ್ತಿಕೊಳ್ಳುವ ಮೊದಲು ದಿನಾಂಕ ಬರೆದಿಟ್ಟ ಪುಸ್ತಕ ತೆಗೆಯಿರಿ.

ಮೊದಲು ದಿನಗಳ ಲೆಕ್ಕ

ಇಲ್ಲಿ ಕೊಟ್ಟಿರುವ ದಿನಗಳು ಮೆಲ್ಲಿಫೆರಾ ಜೇನಿನವು (ಹೊರನಾಡಿನಿಂದ ಬಂದ ಪೆಟ್ಟಿಗೆ ಜೇನು). ನಮ್ಮ ನಾಡಿನ ಪೆಟ್ಟಿಗೆ ಜೇನಾದ ತುಡುವೆಯಲ್ಲಿ ಒಂದೆರಡು ದಿನ ಹಿಂದುಮುಂದಾಗಬಹುದು, ಕ್ರಮ ಮಾತ್ರ ಅದೇ. ಮೊಟ್ಟೆ ಮೂರು ದಿನಕ್ಕೆ ಒಡೆಯುತ್ತದೆ. ಮೊಟ್ಟೆಯಿಟ್ಟ ದಿನದಿಂದ ಎಣಿಸಿದರೆ ರಾಣಿ 16 ದಿನಕ್ಕೆ, ಕೆಲಸಗಾರ ನೊಣ 21 ದಿನಕ್ಕೆ, ಗಂಡು ನೊಣ 24 ದಿನಕ್ಕೆ ಹೊರಬರುತ್ತದೆ. ಮೊಟ್ಟೆಯೊಡೆದು ಒಂದು ದಿನವೂ ತುಂಬದ ಮರಿಹುಳುವನ್ನು ಕಪ್‌ಗೆ ವರ್ಗಾಯಿಸಿದ ದಿನವನ್ನು ಸೊನ್ನೆ ಎಂದು ಇಟ್ಟುಕೊಳ್ಳಿ. ನಾಲ್ಕನೇ ಅಥವಾ ಐದನೇ ದಿನ ಕೋಶದ ಬಾಯಿ ಮುಚ್ಚುತ್ತದೆ. ಹತ್ತನೇ ದಿನ ಕೋಶವನ್ನು ಮಿಲನ ಪೆಟ್ಟಿಗೆಗೆ (ಹೊಸ ರಾಣಿ ಹಾರಿ ಗಂಡುಗಳೊಡನೆ ಕೂಡಿ ಮೊಟ್ಟೆ ಇಡುವವರೆಗೆ ಇರುವ ಸಣ್ಣ ಪೆಟ್ಟಿಗೆ) ಸಾಗಿಸಬಹುದು. ಹನ್ನೊಂದು ಅಥವಾ ಹನ್ನೆರಡನೇ ದಿನ ರಾಣಿ ಹೊರಬರುತ್ತದೆ. ಆಮೇಲೆ ಐದಾರು ದಿನಕ್ಕೆ ಹಾರಾಟ ಶುರು. ಮಿಲನ ಮುಗಿದ ಎರಡು ಮೂರು ದಿನಕ್ಕೆ ಮೊದಲ ಮೊಟ್ಟೆ.

ಈ ಲೆಕ್ಕಕ್ಕೆ ಹೊಂದದ ಯಾವುದೇ ಘಟನೆ ಸ್ವತಃ ಒಂದು ಸುಳಿವು. ಒಂಬತ್ತನೇ ದಿನಕ್ಕೇ ರಾಣಿ ಹೊರಬಂದಿದ್ದರೆ ನೀವು ಎತ್ತಿದ ಮರಿಹುಳು ಎರಡು ದಿನ ದಾಟಿದ್ದಾಗಿತ್ತು ಎಂದರ್ಥ. ಅಂಥ ರಾಣಿ ಬದುಕುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ಮೊದಲ ದಿನಗಳಲ್ಲಿ ಪೂರ್ತಿ ರಾಣಿಯ ಆಹಾರ ಸಿಗದೆ ಬೆಳೆದ ಅದರ ಅಂಡಾಶಯ ಚಿಕ್ಕದಾಗಿರುತ್ತದೆ. ಅದನ್ನು ಉಳಿಸಿಕೊಳ್ಳುವುದು ನಷ್ಟದ ಬಾಬತ್ತು ಎಂದೇ ನನ್ನ ಅಭಿಪ್ರಾಯ.

ಮರುದಿನವೇ ಕಪ್ ಖಾಲಿ

ಮೇಣದ ಕಪ್‌ಗಳಿಗೆ ಮರಿಹುಳು ವರ್ಗಾಯಿಸಿ ರಾಣಿ ಬೆಳೆಸುವ ವಿಧಾನವನ್ನು 1880ರ ದಶಕದಲ್ಲಿ ಅಮೆರಿಕದ ಗಿಲ್ಬರ್ಟ್ ಡೂಲಿಟಲ್ ಜನಪ್ರಿಯಗೊಳಿಸಿದರು. ಅಂದಿನಿಂದ ಇಂದಿನವರೆಗೂ ಹೊಸಬರ ಮೊದಲ ಗೋಳು ಒಂದೇ: 24 ಗಂಟೆಯ ನಂತರ ನೋಡಿದರೆ ಕಪ್‌ನಲ್ಲಿ ಏನೂ ಇಲ್ಲ. ಇಲ್ಲಿ ಅವಸರಪಟ್ಟು ಮತ್ತೊಂದು ಸುತ್ತು ವರ್ಗಾಯಿಸಬೇಡಿ. ಮೊದಲು ಖಾಲಿ ಕಪ್‌ಗಳನ್ನು ಬೆಳಕಿಗೆ ಹಿಡಿದು ನೋಡಿ.

ಕಪ್‌ನ ಅಂಚಿಗೆ ಹೊಸ ಮೇಣದ ಕಟ್ಟು ಸ್ವಲ್ಪವೂ ಇಲ್ಲ, ಎಲ್ಲ ಕಪ್‌ಗಳೂ ನಯವಾಗಿ ಸ್ವಚ್ಛವಾಗಿವೆ ಎಂದರೆ ನೊಣಗಳಿಗೆ ರಾಣಿ ಬೇಕೆಂಬ ಆತುರವೇ ಇರಲಿಲ್ಲ. ದಾದಿ ಕುಟುಂಬದಲ್ಲಿ, ಅಂದರೆ ರಾಣಿ ತೆಗೆದು ಕಪ್‌ಗಳನ್ನು ಸಾಕಲು ಕೊಟ್ಟ ಪೆಟ್ಟಿಗೆಯಲ್ಲಿ, ಎಲ್ಲೋ ಒಂದು ರಾಣಿ ಇದೆ. ನೀವು ಹಳೆಯ ರಾಣಿಯನ್ನು ತೆಗೆದಿರಬಹುದು, ಆದರೆ ನೊಣಗಳನ್ನು ಕೊಡವಿ ಸೇರಿಸುವಾಗ ಬೇರೆ ಪೆಟ್ಟಿಗೆಯ ರಾಣಿ ಬಂದಿರಬಹುದು, ಇಲ್ಲವೇ ಮಿಲನವಾಗದ ಕನ್ಯೆ ರಾಣಿಯೊಂದು ಓಡಾಡುತ್ತಿರಬಹುದು. ಕನ್ಯೆ ರಾಣಿ ಸಣ್ಣದು, ಚುರುಕು, ಕಣ್ಣು ತಪ್ಪಿಸುವುದು ಸುಲಭ. ಪರೀಕ್ಷೆ ಸರಳ: ಎಳೆಯ ಮರಿಹುಳುಗಳಿರುವ ಒಂದು ಎರಿಯನ್ನು (ಮೇಣದ ಕಣಗಳ ಹಲಗೆ) ಕೊಟ್ಟು ಎರಡು ದಿನ ಬಿಡಿ. ರಾಣಿ ಇಲ್ಲದಿದ್ದರೆ ಆ ಎರಿಯಲ್ಲಿ ತುರ್ತು ರಾಣಿ ಕೋಶಗಳು ಎದ್ದೇ ಏಳುತ್ತವೆ. ಏಳದಿದ್ದರೆ ಒಳಗೆ ರಾಣಿ ಇದೆ. ಪರೀಕ್ಷೆ ಮುಗಿದ ಮೇಲೆ ಎದ್ದ ಕೋಶಗಳ ಸಮೇತ ಆ ಎರಿಯನ್ನು ತೆಗೆಯುವುದನ್ನು ಮರೆಯಬೇಡಿ.

ನೊಣಗಳು ಕಪ್‌ಗಳಿಗೆ ತುಸು ಮೇಣ ಕಟ್ಟಿವೆ, ಆದರೆ ಮರಿಹುಳು ಇಲ್ಲ ಅಥವಾ ಒಣಗಿ ಅಂಟಿಕೊಂಡಿದೆ ಎಂದರೆ ದೋಷ ಕುಟುಂಬದಲ್ಲಿಲ್ಲ, ವರ್ಗಾಯಿಸಿದ ಕೈಯಲ್ಲಿದೆ ಅಥವಾ ಗಾಳಿಯಲ್ಲಿದೆ. ಮರಿಹುಳು ರಸದ ಮೇಲೆ ಒಂದು ಪಕ್ಕಕ್ಕೆ ಮಲಗಿ ತೇಲುತ್ತಿರುತ್ತದೆ. ಎತ್ತಿದಾಗ ಮೇಲಿದ್ದ ಮೈಯೇ ಕಪ್‌ನಲ್ಲೂ ಮೇಲಿರಬೇಕು. ಮಗುಚಿ ಬಿದ್ದರೆ ಉಸಿರಾಟದ ರಂಧ್ರಗಳು ರಸದಲ್ಲಿ ಮುಳುಗಿ ಸಾಯುತ್ತದೆ. ಆದ್ದರಿಂದ ಸಲಾಕೆಯ ನಾಲಿಗೆಯನ್ನು ಮರಿಹುಳುವಿನ ಬೆನ್ನಿನ ಕಡೆಯಿಂದ ರಸದ ಅಡಿಗೆ ತೂರಿಸಿ, ರಸದ ಸಮೇತ ಎತ್ತಬೇಕು. ಒಮ್ಮೆಗೆ ಬರದಿದ್ದರೆ ಆ ಮರಿಹುಳುವನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಎರಡನೇ ಸಲ ಕೆದಕಿದ್ದು ಉಳಿಯುವುದು ಅಪರೂಪ. ಒಣಗಾಳಿ, ನೇರ ಬಿಸಿಲು, ಬೀಸುವ ಫ್ಯಾನ್ ಇವೂ ಕೆಲವೇ ನಿಮಿಷಗಳಲ್ಲಿ ಕೊಲ್ಲುತ್ತವೆ. ಬೆಚ್ಚಗಿನ ಕೋಣೆಯಲ್ಲಿ ಕುಳಿತು, ತುಂಬಿದ ಕಪ್‌ಗಳ ಮೇಲೆ ಒದ್ದೆ ಬಟ್ಟೆ ಹೊದಿಸಿಕೊಂಡು ಕೆಲಸ ಮಾಡಿ.

ನೊಣಗಳು ಅರ್ಧ ಕಪ್‌ಗಳನ್ನು ಹಿಡಿದು (ಒಪ್ಪಿ ಸಾಕತೊಡಗಿ) ಅರ್ಧ ಬಿಟ್ಟಿದ್ದರೆ ನೊಣಗಳ ಶಕ್ತಿಗಿಂತ ಕಪ್‌ಗಳ ಸಂಖ್ಯೆ ಹೆಚ್ಚಾಯಿತು. ಐದು ಚೌಕಟ್ಟು ತುಂಬ ನೊಣವಿರುವ ಸಣ್ಣ ದಾದಿ ಕುಟುಂಬಕ್ಕೆ ಹತ್ತು ಹದಿನೈದು ಕಪ್ ಸಾಕು. ಹಿಡಿದವೂ ಗಟ್ಟಿಯಾಗಿರಬೇಕೆಂಬ ಆಸೆಯಿದ್ದರೆ ಇನ್ನೂ ಕಡಿಮೆ ಕೊಡಿ.

ಹಿಡಿದಿವೆ, ಆದರೆ ಕೋಶ ಚಿಕ್ಕದು

ನನ್ನ ಪಾಲಿಗೆ ಇಡೀ ಕೈಪಿಡಿಯಲ್ಲಿ ಇದಕ್ಕಿಂತ ಮುಖ್ಯವಾದ ಭಾಗವಿಲ್ಲ. ಏಕೆಂದರೆ ಈ ದೋಷ ಸೋಲಿನಂತೆ ಕಾಣುವುದೇ ಇಲ್ಲ. ಕೋಶಗಳು ಮುಚ್ಚುತ್ತವೆ, ರಾಣಿಗಳು ಹುಟ್ಟುತ್ತವೆ, ಮೊಟ್ಟೆ ಇಡುತ್ತವೆ. ಒಂದು ಋತು ಕಳೆಯುವಷ್ಟರಲ್ಲಿ ನೊಣಗಳೇ ಅವನ್ನು ಬದಲಾಯಿಸತೊಡಗುತ್ತವೆ. ಆಗ ದೂರು ತಳಿಯ ಮೇಲೆ ಬೀಳುತ್ತದೆ.

ಮೂರನೇ ದಿನ ಒಂದು ಕಪ್ ಎತ್ತಿ ಒಳಗೆ ನೋಡಿ. ಮರಿಹುಳು ಗಟ್ಟಿ ಬಿಳಿ ರಸದ ದಪ್ಪ ಹಾಸಿಗೆಯ ಮೇಲಿರಬೇಕು. ರಾಣಿ ಹೊರಬಂದ ಮೇಲೂ ಕೋಶದ ತಳದಲ್ಲಿ ಒಣಗಿದ ರಸದ ಉಂಡೆ ಉಳಿದಿರಬೇಕು. ಅದು ಉಳಿದಿದ್ದರೆ ಮರಿ ತಿನ್ನುವಷ್ಟೂ ತಿಂದು ಮಿಗಿಸಿದೆ ಎಂದರ್ಥ. ತಳ ಬರಿದಾಗಿದ್ದರೆ ರಾಣಿ ಹಸಿದು ಬೆಳೆದಿದೆ. ಹೊರಬಂದ ಪ್ರತಿಯೊಂದು ಕೋಶವನ್ನೂ ಸೀಳಿ ತಳ ನೋಡುವ ಅಭ್ಯಾಸ ಮಾಡಿಕೊಳ್ಳಿ. ಇದಕ್ಕೆ ಅರ್ಧ ನಿಮಿಷ ಸಾಕು, ಬೇರೆ ಯಾವ ಪರೀಕ್ಷೆಯೂ ಇಷ್ಟು ನಿಚ್ಚಳವಾಗಿ ಹೇಳುವುದಿಲ್ಲ.

ರಸ ಕಡಿಮೆಯಾಗಿದ್ದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ದಾದಿ ವಯಸ್ಸಿನ ನೊಣಗಳು ಇವೆಯೇ? ಹೊರಬಂದು ಸುಮಾರು ಐದರಿಂದ ಹದಿನೈದು ದಿನವಾದ ನೊಣಗಳಿಗೆ ರಸದ ಗ್ರಂಥಿಗಳು ತುಂಬಿರುತ್ತವೆ. ಬರೀ ಮೇವಿಗೆ ಹೋಗುವ ಹಳೆಯ ನೊಣಗಳಿಂದ ಪೆಟ್ಟಿಗೆ ಕಿಕ್ಕಿರಿದಿದ್ದರೂ ಫಲವಿಲ್ಲ. ತೆರೆದ ಮರಿಹುಳುಗಳಿರುವ ಎರಿಗಳಿಂದ ನೊಣಗಳನ್ನು ಕೊಡವಿ ಸೇರಿಸಿ, ದಾದಿಗಳು ಸಿಗುವುದು ಅಲ್ಲಿ. ಎರಡನೇ ಪ್ರಶ್ನೆ: ಆ ದಾದಿಗಳು ತಾವು ಮರಿಯಾಗಿದ್ದಾಗ ತಿಂದಿದ್ದವೇ? ಇಂದಿನ ದಾದಿ ನೊಣ ನಾಲ್ಕೈದು ವಾರಗಳ ಹಿಂದೆ ಮೊಟ್ಟೆಯಾಗಿತ್ತು. ಆ ಅವಧಿಯಲ್ಲಿ ಆ ಪೆಟ್ಟಿಗೆಯ ಬಾಗಿಲಿಗೆ ಪರಾಗ ಟ್ರ್ಯಾಪ್ ಇದ್ದರೆ ಕಾರಣ ಸಿಕ್ಕಿತು. ಒಂದು ಕೆಲಸಗಾರ ಮರಿಯನ್ನು ಬೆಳೆಸಲು ಸುಮಾರು 125ರಿಂದ 145 ಮಿಲಿಗ್ರಾಂ ಪರಾಗ ಬೇಕು. ಒಂದು ನೊಣ ಎರಡೂ ಕಾಲುಗಳಲ್ಲಿ ಹೊತ್ತು ತರುವುದು ಸುಮಾರು 15 ಮಿಲಿಗ್ರಾಂ. ಅಂದರೆ ಒಂದು ಮರಿಗೆ ಎಂಟು ಹತ್ತು ಹಾರಾಟದ ದುಡಿಮೆ. ತಟ್ಟೆಗೆ ಬಿದ್ದ ಪ್ರತಿ ಹಿಡಿಯ ಹಿಂದೆ ಹೊಟ್ಟೆ ತುಂಬದ ಮರಿಗಳಿವೆ. ಸಕ್ಕರೆ ಪಾಕ ಕೊಟ್ಟರೆ ಈ ಕೊರತೆ ನೀಗುವುದಿಲ್ಲ. ಪಾಕದಲ್ಲಿ ಶಕ್ತಿ ಇದೆ, ಪ್ರೋಟೀನ್ ಇಲ್ಲ.

ಮುಚ್ಚಿದ ಕೋಶ ಒಡೆದಿದೆ

ಕೋಶದ ತೂತು ಎಲ್ಲಿದೆ ಎಂಬುದರಲ್ಲೇ ಉತ್ತರವಿದೆ. ತುದಿಯಲ್ಲಿ ದುಂಡಗೆ ಕತ್ತರಿಸಿದ ಮುಚ್ಚಳ ಒಂದು ಕಡೆ ಅಂಟಿಕೊಂಡು ನೇತಾಡುತ್ತಿದ್ದರೆ ರಾಣಿ ತಾನಾಗಿ ಹೊರಬಂದಿದೆ. ಪಕ್ಕದಲ್ಲಿ ಒರಟು ತೂತಿದ್ದರೆ ಒಳಗಿದ್ದ ರಾಣಿಯನ್ನು ಕೊಲ್ಲಲಾಗಿದೆ. ಒಂದು ಕೋಶ ತುದಿಯಲ್ಲಿ ತೆರೆದು ಉಳಿದವೆಲ್ಲ ಪಕ್ಕದಲ್ಲಿ ಹರಿದಿದ್ದರೆ ಮೊದಲು ಹುಟ್ಟಿದ ರಾಣಿ ತನ್ನ ಎದುರಾಳಿಗಳನ್ನು ಮುಗಿಸಿದೆ, ನೀವು ಕೋಶ ತೆಗೆಯುವುದರಲ್ಲಿ ಒಂದು ದಿನ ತಡ ಮಾಡಿದ್ದೀರಿ. ಎಲ್ಲವೂ ಪಕ್ಕದಲ್ಲೇ ಹರಿದಿದ್ದರೆ ಶತ್ರು ಬೇರೆಲ್ಲಿಂದಲೋ ಬಂದಿದೆ. ಹೆಚ್ಚಿನ ಸಲ ಅದು ದಾದಿ ಕುಟುಂಬದ ಸ್ವಂತ ಎರಿಗಳಲ್ಲಿ ಎದ್ದ ತುರ್ತು ಕೋಶದಿಂದ ಬಂದದ್ದು. ರಾಣಿ ತೆಗೆದ ಕೂಡಲೇ ನೊಣಗಳು ತಮ್ಮಲ್ಲಿರುವ ಎರಡು ದಿನದ ಮರಿಯನ್ನೂ ರಾಣಿಯಾಗಿಸಲು ಹೊರಡುತ್ತವೆ. ಅದು ನಿಮ್ಮ ಕಪ್‌ಗಳ ರಾಣಿಗಿಂತ ಮುಂಚೆ ಹುಟ್ಟುತ್ತದೆ. ಹಾಗಾಗಿ ಕಪ್ ಕೊಟ್ಟ ನಾಲ್ಕೈದು ದಿನಕ್ಕೆ ದಾದಿ ಕುಟುಂಬದ ಪ್ರತಿ ಎರಿಯ ನೊಣಗಳನ್ನೂ ಕೊಡವಿ, ಮೂಲೆ, ಅಂಚು, ಕೆಳಗಿನ ಪಟ್ಟಿ ಎಲ್ಲವನ್ನೂ ನೋಡಬೇಕು. ನೊಣ ಮುಚ್ಚಿಕೊಂಡಿರುವಾಗ ಮೇಲಿಂದ ನೋಡಿದರೆ ಒಂದಾದರೂ ತಪ್ಪಿಹೋಗುತ್ತದೆ. ಕಪ್‌ಗಳ ಚೌಕಟ್ಟನ್ನು ಮಾತ್ರ ಎಂದೂ ಕೊಡವಬೇಡಿ.

ಕೋಶ ಇಡಿಯಾಗಿಯೇ ಇದೆ, ಹದಿನಾಲ್ಕನೇ ದಿನವಾದರೂ ಯಾರೂ ಬರಲಿಲ್ಲ ಎಂದಾದರೆ ಸೀಳಿ ನೋಡಿ. ಗೋಡೆ ಕಪ್ಪಗಾಗಿ ಒಳಗಿನ ಹುಳು ಕೊಳೆತಿದ್ದರೆ ಕಪ್ಪು ರಾಣಿ ಕೋಶ ವೈರಸ್‌ನ ಅನುಮಾನ ಪಡಬೇಕು. ನೊಸೀಮಾ ಎಂಬ ಹೊಟ್ಟೆಯ ಸೋಂಕಿರುವ ಕುಟುಂಬಗಳಲ್ಲಿ ಇದು ಹೆಚ್ಚು, ಅಂಥ ಕುಟುಂಬವನ್ನು ಮತ್ತೆ ದಾದಿಯಾಗಿ ಬಳಸಬಾರದು. ಹುಳು ಬಿಳಿಯಾಗಿ, ರೆಕ್ಕೆ ಮುದುಡಿ ಸತ್ತಿದ್ದರೆ ಪೆಟ್ಟು ಅಥವಾ ಚಳಿ. ಮುಚ್ಚಿದ ದಿನದಿಂದ ಒಂಬತ್ತನೇ ದಿನದವರೆಗೆ ಕೋಶ ತುಂಬ ನಾಜೂಕು. ಅಲುಗಿಸುವುದು, ಅಡ್ಡ ಮಲಗಿಸುವುದು, ಪೆಟ್ಟಿಗೆಯ ಹೊರಗೆ ಇಟ್ಟುಕೊಂಡು ಮಾತಿಗೆ ನಿಲ್ಲುವುದು ಎಲ್ಲವೂ ಅಪಾಯ. ಮರಿಗಳ ಗೂಡಿನ ಶಾಖ 34ರಿಂದ 35 ಡಿಗ್ರಿ ಸೆಲ್ಸಿಯಸ್. ಕೋಶ ಅದರ ಆಚೀಚೆ ಬಹಳ ಹೊತ್ತು ಇರಬಾರದು.

ರಾಣಿ ಹೊರಬಂದಿದೆ, ಮೊಟ್ಟೆ ಇಲ್ಲ

ಮೊದಲು ತಾಳ್ಮೆ. ರಾಣಿ ಹೊರಬಂದು ಎರಡು ವಾರ ತುಂಬುವವರೆಗೆ ಮಿಲನ ಪೆಟ್ಟಿಗೆಯನ್ನು ಬಿಚ್ಚಬೇಡಿ. ಮಧ್ಯಾಹ್ನದ ಹೊತ್ತು ರಾಣಿ ಹಾರಾಟಕ್ಕೆ ಹೋಗುವ ಸಮಯ. ಆಗ ಮುಚ್ಚಳ ತೆಗೆದು ನಿಂತವರ ಕಾರಣದಿಂದಲೇ ಎಷ್ಟೋ ರಾಣಿಗಳು ಮನೆ ತಪ್ಪುತ್ತವೆ. ಸುಮಾರು 20 ಡಿಗ್ರಿಗಿಂತ ಹೆಚ್ಚು ಬಿಸಿ, ಗಾಳಿ ಕಡಿಮೆ, ಮಳೆ ಇಲ್ಲದ ದಿನಗಳು ಬೇಕು. ಒಂದು ವಾರ ಮಳೆ ಹಿಡಿದಿದ್ದರೆ ಆ ಒಂದು ವಾರವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೂರು ವಾರವೂ ದಾಟಿದರೆ ಮೊಟ್ಟೆಗಳಿರುವ ಎರಿಯೊಂದನ್ನು ಕೊಟ್ಟು ನೋಡಿ. ರಾಣಿ ಕೋಶ ಕಟ್ಟಿದರೆ ರಾಣಿ ಕಳೆದುಹೋಗಿದೆ. ಕಟ್ಟದಿದ್ದರೆ ಇದೆ, ಆದರೆ ಮಿಲನವಾಗಿಲ್ಲ ಅಥವಾ ಆಗಿಯೂ ತಡವಾಗಿದೆ. ಕಳೆದುಹೋದದ್ದು ಪದೇ ಪದೇ ಆಗುತ್ತಿದ್ದರೆ ಪೆಟ್ಟಿಗೆಗಳನ್ನು ಒಂದೇ ಸಾಲಿನಲ್ಲಿ ಒಂದೇ ದಿಕ್ಕಿಗೆ ಇಟ್ಟಿದ್ದೀರಾ ನೋಡಿ. ಮರಳಿ ಬರುವ ರಾಣಿ ಪಕ್ಕದ ಬಾಗಿಲು ಹೊಕ್ಕರೆ ಸಾವು ಖಚಿತ. ಬಾಗಿಲುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ, ಬಣ್ಣ ಬದಲಿಸಿ, ಪಕ್ಕದಲ್ಲಿ ಗುರುತಿಗೆ ಕಲ್ಲು ಗಿಡ ಏನಾದರೂ ಇರಲಿ.

ಹಲವು ರಾಣಿಗಳು ಒಟ್ಟಿಗೆ ಮಿಲನವಾಗದೆ ಉಳಿದಿದ್ದರೆ ಹವೆಯ ನಂತರದ ಅನುಮಾನ ಗಂಡು ನೊಣಗಳ ಮೇಲೆ. ಒಂದು ರಾಣಿ ಹತ್ತರಿಂದ ಇಪ್ಪತ್ತು ಗಂಡುಗಳೊಡನೆ ಕೂಡುತ್ತದೆ. ಗಂಡು ನೊಣ 24 ದಿನಕ್ಕೆ ಹೊರಬಂದರೂ ಬಲಿಯಲು ಇನ್ನೂ ಹನ್ನೆರಡು ದಿನವಾದರೂ ಬೇಕು. ಮರಿಹುಳು ವರ್ಗಾಯಿಸಿದ ದಿನದಿಂದ ರಾಣಿಯ ಹಾರಾಟಕ್ಕೆ ಹದಿನೆಂಟು ದಿನ ಹಿಡಿಯುತ್ತದೆ. ಹಾಗಾದರೆ ನೀವು ಸಲಾಕೆ ಹಿಡಿದ ದಿನ ಗಂಡು ಮರಿಗಳು ಆಗಲೇ ಮುಚ್ಚಿದ ಕಣಗಳಲ್ಲಿರಬೇಕು. ಒಂದು ಕಣ ಬಿಡಿಸಿ ನೋಡಿದಾಗ ಕಣ್ಣು ನೇರಳೆಗೆ ತಿರುಗಿದ್ದರೆ ಕೆಲಸ ಶುರು ಮಾಡಬಹುದು. ಬರೀ ಗಂಡು ಮೊಟ್ಟೆಗಳು ಕಂಡರೆ ಎರಡೂವರೆ ವಾರ ಕಾಯಿರಿ.

ಪರಾಗ ಟ್ರ್ಯಾಪ್ ಇಲ್ಲಿ ಮತ್ತೆ ಬರುತ್ತದೆ. ಕೆಲಸಗಾರ ನೊಣ ಮಾತ್ರ ನುಸುಳುವಂತೆ ಕೊರೆದ ಜಾಲರಿಯಲ್ಲಿ ಗಂಡು ನೊಣ ಹೊರಬರಲಾರದು, ರಾಣಿಯೂ ಬರಲಾರದು. ಗಂಡು ನೊಣ ಹೊರಹೋಗಲು ಬೇರೆ ಕೊಳವೆ ಇಲ್ಲದ ಟ್ರ್ಯಾಪ್ ಹಾಕಿದರೆ ಆ ಪೆಟ್ಟಿಗೆಯ ಗಂಡುಗಳೆಲ್ಲ ಒಳಗೇ ಬಂದಿ. ಎಲ್ಲ ಪೆಟ್ಟಿಗೆಗಳಿಗೂ ಟ್ರ್ಯಾಪ್ ಹಾಕಿ, ಅದೇ ವಾರ ರಾಣಿಗಳನ್ನು ಮಿಲನಕ್ಕೆ ಬಿಟ್ಟವರು ಆಕಾಶದಲ್ಲಿ ಗಂಡು ನೊಣವೇ ಇಲ್ಲದ ಸ್ಥಿತಿಯನ್ನು ತಾವೇ ತಂದುಕೊಂಡಿರುತ್ತಾರೆ. ಜಾಲರಿಯ ಒಳಬದಿಯಲ್ಲಿ ಸತ್ತ ಗಂಡು ನೊಣಗಳ ರಾಶಿ ಕಂಡರೆ ರೋಗವೆಂದು ಬೆದರುವ ಮೊದಲು ಜಾಲರಿ ತೆರೆಯಿರಿ. ಮಿಲನವಾಗದ ರಾಣಿ ಅಥವಾ ಬಲಿತ ಕೋಶ ಇರುವ ಪೆಟ್ಟಿಗೆಗೆ ಟ್ರ್ಯಾಪ್ ಹಾಕುವ ಮಾತೇ ಬೇಡ.

ಮೊಟ್ಟೆ ಇಡುತ್ತಿದೆ, ಆದರೆ ಸರಿಯಿಲ್ಲ

ಕೆಲಸಗಾರ ಕಣಗಳಲ್ಲಿ ಗುಂಡಿನಂತೆ ಉಬ್ಬಿದ ಮುಚ್ಚಳಗಳು ಎದ್ದಿದ್ದರೆ ಒಳಗಿರುವುದು ಗಂಡು ಮರಿ, ಫಲಿತವಾಗದ ಮೊಟ್ಟೆಯಿಂದ ಹುಟ್ಟಿದ್ದು. ಮೊಟ್ಟೆ ಕಣಕ್ಕೆ ಒಂದೊಂದರಂತೆ ತಳದ ಮಧ್ಯದಲ್ಲಿದ್ದರೆ ರಾಣಿ ಇದೆ, ಮಿಲನವಾಗಿಲ್ಲ ಎಂದು ತಿಳಿಯಿರಿ. ಅದನ್ನು ತೆಗೆದು ಹೊಸ ಕೋಶ ಕೊಡಬೇಕು. ಕಣಕ್ಕೆ ಮೂರು ನಾಲ್ಕು ಮೊಟ್ಟೆ, ಅವೂ ಗೋಡೆಗೆ ಅಂಟಿದ್ದರೆ ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ. ಅವುಗಳ ಹೊಟ್ಟೆ ಕಣದ ತಳ ಮುಟ್ಟುವುದಿಲ್ಲ. ವಾರಗಟ್ಟಲೆ ತೆರೆದ ಮರಿಗಳಿಲ್ಲದೆ ಇದ್ದ ಕುಟುಂಬದಲ್ಲಿ ಹೀಗಾಗುತ್ತದೆ, ತುಡುವೆಯಲ್ಲಿ ಬಹು ಬೇಗ. ಮಿಲನ ಪೆಟ್ಟಿಗೆ ಈ ಸ್ಥಿತಿಗೆ ಬಂದರೆ ಅದಕ್ಕೆ ರಾಣಿಗಳನ್ನು ಒಂದರ ಮೇಲೊಂದು ಕೊಟ್ಟು ಕಳೆದುಕೊಳ್ಳಬೇಡಿ, ಬಲವಾದ ಕುಟುಂಬದೊಡನೆ ಸೇರಿಸಿಬಿಡಿ. ಹೊಸ ರಾಣಿ ಮೊದಲ ಕೆಲವು ದಿನ ಒಂದೇ ಕಣಕ್ಕೆ ಎರಡು ಮೊಟ್ಟೆ ಇಡುವುದುಂಟು. ಅದು ತಳದಲ್ಲೇ ಇದ್ದರೆ ಒಂದು ವಾರ ಕಾಯಬಹುದು.

ಮುಚ್ಚಿದ ಮರಿಗಳ ಎರಿ ಅಲ್ಲಲ್ಲಿ ತೂತು ಬಿದ್ದಂತೆ ಕಂಡರೆ ವಿಚಾರಣೆ ಸ್ವಲ್ಪ ಉದ್ದ. ಒಂದೇ ತಳಿಯ ಕೆಲವೇ ಪೆಟ್ಟಿಗೆಗಳಿಂದ ಪೀಳಿಗೆ ಪೀಳಿಗೆ ರಾಣಿ ಬೆಳೆಸಿದರೆ ರಕ್ತಸಂಬಂಧದ ಮಿಲನವಾಗುತ್ತದೆ. ಆಗ ಫಲಿತ ಮೊಟ್ಟೆಗಳಲ್ಲಿ ಕೆಲವು ಕೆಲಸಗಾರವಾಗುವ ಬದಲು ದ್ವಿಗುಣಿತ ಗಂಡುಗಳಾಗುತ್ತವೆ, ಅಂದರೆ ತಾಯಿ ತಂದೆ ಇಬ್ಬರ ವಂಶವಾಹಿಯೂ ಇರುವ ಗಂಡುಗಳು. ಅವು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕೆಲಸಗಾರ ನೊಣಗಳು ಅವನ್ನು ತಿಂದುಬಿಡುತ್ತವೆ ಎಂಬುದನ್ನು ಪೋಲೆಂಡಿನ ಯೆಝಿ ವೊಯ್ಕೆ 1963ರಲ್ಲಿ ತೋರಿಸಿದರು. ಕೆಟ್ಟ ಸಂದರ್ಭದಲ್ಲಿ ಅರ್ಧದಷ್ಟು ಕಣಗಳು ಹೀಗೆ ಬರಿದಾಗುತ್ತವೆ. ಪರಾಗದ ಬರದಲ್ಲೂ ನೊಣಗಳು ಎಳೆಯ ಮರಿಗಳನ್ನು ತಿಂದುಹಾಕುತ್ತವೆ, ಎರಿಯ ನೋಟ ಒಂದೇ ಬಗೆಯದು. ಎರಡನ್ನೂ ಬೇರ್ಪಡಿಸಲು ಉಳಿದ ಮರಿಗಳನ್ನು ನೋಡಿ. ಮರಿಹುಳುವಿನ ಸುತ್ತ ರಸ ಹೊಳೆಯುತ್ತಿದ್ದು, ಮರಿಗಳ ಸುತ್ತಲಿನ ಕಣಗಳಲ್ಲಿ ಪರಾಗದ ಬಣ್ಣದ ವಲಯ ಇದ್ದರೆ ಅನುಮಾನ ತಳಿಯ ಮೇಲೆ. ಮರಿಹುಳು ಒಣ ಕಣದಲ್ಲಿ ಮಲಗಿದ್ದು, ಪರಾಗದ ವಲಯವೇ ಕಾಣದಿದ್ದರೆ ಹಸಿವು. ಟ್ರ್ಯಾಪ್ ಇದ್ದರೆ ತೆಗೆದು ಎರಡು ವಾರ ಬಿಡಿ. ಎರಿ ತುಂಬಿಕೊಂಡರೆ ರಾಣಿ ನಿರ್ದೋಷಿ. ತುಂಬದಿದ್ದರೆ ಬೇರೆ ಮೂಲದ ರಾಣಿ ತನ್ನಿ.

ಮುಚ್ಚಳ ತಗ್ಗಿ ತೂತಾಗಿದ್ದು, ಬೆಂಕಿಕಡ್ಡಿ ಅದ್ದಿ ಎಳೆದರೆ ಒಳಗಿನದು ಕಂದು ನೂಲಿನಂತೆ ಉದ್ದಕ್ಕೆ ಬರುತ್ತಿದ್ದರೆ ಇಲ್ಲಿ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ಅದು ಅಮೆರಿಕನ್ ಫೌಲ್‌ಬ್ರೂಡ್ ಎಂಬ, ಮರಿಗಳನ್ನು ಕೊಳೆಸುವ ಅಂಟುರೋಗದ ಲಕ್ಷಣ. ಆ ಪೆಟ್ಟಿಗೆಯಿಂದ ರಾಣಿ, ಪರಾಗ, ಎರಿ ಏನನ್ನೂ ಹೊರಗೆ ಒಯ್ಯಬೇಡಿ, ತಜ್ಞರಿಗೆ ತೋರಿಸಿ. ಹಲವು ದೇಶಗಳಲ್ಲಿ ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ.

ಹೊಸ ರಾಣಿಯನ್ನು ಪಂಜರದಲ್ಲಿಟ್ಟು ಕೊಟ್ಟಾಗ ಒಪ್ಪಿಲ್ಲವೆಂದರೆ ಪಂಜರದ ಮೇಲಿನ ನೊಣಗಳನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ. ಸುಲಭವಾಗಿ ಸರಿದರೆ ಒಪ್ಪಿವೆ. ಕಚ್ಚಿ ಹಿಡಿದು ಬಿಡದಿದ್ದರೆ ಇನ್ನೂ ಎರಡು ದಿನ ರಾಣಿಯನ್ನು ಪಂಜರದಿಂದ ಹೊರಗೆ ಬಿಡಬೇಡಿ, ಮತ್ತು ಒಳಗೆ ಬೇರೆ ರಾಣಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಪರಾಗದ ತಟ್ಟೆ ಖಾಲಿ

ಬಾಗಿಲ ಮುಂದೆ ಹತ್ತು ನಿಮಿಷ ಕುಳಿತುಕೊಳ್ಳಿ. ಕಾಲಿಗೆ ಪರಾಗ ಹೊತ್ತ ನೊಣಗಳು ಬರುತ್ತಿವೆ, ತಟ್ಟೆಗೆ ಬೀಳುತ್ತಿಲ್ಲ ಎಂದರೆ ಟ್ರ್ಯಾಪ್‌ನ ದೋಷ. ಪೆಟ್ಟಿಗೆಯ ಸಂದು, ಮುಚ್ಚಳದ ಬಿರುಕು, ಟ್ರ್ಯಾಪ್ ಕೂತ ಜಾಗದ ಬದಿ ಇವುಗಳಲ್ಲಿ ನೊಣಗಳು ಕಳ್ಳದಾರಿ ಕಂಡುಕೊಂಡಿರುತ್ತವೆ. ಇಲ್ಲವೇ ಜಾಲರಿಯ ತೂತು ದೊಡ್ಡದು. ಮೆಲ್ಲಿಫೆರಾಕ್ಕೆ ಸುಮಾರು 5 ಮಿಲಿಮೀಟರ್ ತೂತು ಬಳಕೆಯಲ್ಲಿದೆ. ಮೈ ಸಣ್ಣದಾದ ತುಡುವೆ ಅದರೊಳಗೆ ಹೊರೆ ಸಮೇತ ನಡೆದು ಹೋಗುತ್ತದೆ, ಅದಕ್ಕೆ ಇನ್ನೂ ಸಣ್ಣ ತೂತಿನ ಜಾಲರಿ ಬೇಕು. ತೂತಿನ ಅಂಚು ಚೂಪಾಗಿದ್ದು ನೊಣಗಳ ರೆಕ್ಕೆ ಕಾಲು ಹರಿಯುತ್ತಿದ್ದರೆ ತಟ್ಟೆಯಲ್ಲಿ ಪರಾಗಕ್ಕಿಂತ ಅವೇ ಹೆಚ್ಚು ಕಾಣುತ್ತವೆ. ಅಂಥ ಜಾಲರಿಯನ್ನು ಅಂದೇ ತೆಗೆದುಹಾಕಿ.

ಪರಾಗ ಹೊತ್ತ ನೊಣಗಳೇ ಬರುತ್ತಿಲ್ಲ ಎಂದರೆ ಪಕ್ಕದ ಪೆಟ್ಟಿಗೆಗಳನ್ನು ನೋಡಿ. ಎಲ್ಲೆಡೆಯೂ ಹಾಗೆಯೇ ಇದ್ದರೆ ಹೂವಿಲ್ಲ, ಮಳೆ ಬಂದಿದೆ, ಅಥವಾ ನೀವು ನೋಡಿದ ಹೊತ್ತು ಸರಿಯಿಲ್ಲ. ಅನೇಕ ಗಿಡಗಳು ಬೆಳಗಿನಲ್ಲೇ ಪರಾಗ ಬಿಟ್ಟು ಮುಗಿಸುತ್ತವೆ. ಉಳಿದವು ತುಂಬಿ ಒಂದು ಮಾತ್ರ ಬರಿದಾಗಿದ್ದರೆ ಆ ಪೆಟ್ಟಿಗೆಯ ರಾಣಿಯನ್ನು ಹುಡುಕಿ. ನೊಣಗಳು ಪರಾಗ ತರುವುದು ಮರಿಗಳಿಗಾಗಿ. ತೆರೆದ ಮರಿಗಳು ಕಡಿಮೆಯಾದಂತೆ ಪರಾಗದ ಹಂಬಲವೂ ಇಳಿಯುತ್ತದೆ. ದಿನವೂ ತಟ್ಟೆಯ ತೂಕ ಬರೆದಿಡುವವರಿಗೆ ರಾಣಿ ಸೋತ ಸುದ್ದಿ ಪೆಟ್ಟಿಗೆ ಬಿಚ್ಚದೆಯೇ ತಿಳಿಯುತ್ತದೆ. ಟ್ರ್ಯಾಪ್‌ನಿಂದ ಸಿಗುವ ಈ ಲಾಭವನ್ನು ನಾನು ಪರಾಗದಷ್ಟೇ ದೊಡ್ಡದೆಂದು ಎಣಿಸುತ್ತೇನೆ.

ಒಂದು ಪೆಟ್ಟಿಗೆಗೆ ಮಾತ್ರ ಟ್ರ್ಯಾಪ್ ಹಾಕಿದಾಗ ಅದರ ನೊಣಗಳು ಗೊಂದಲಗೊಂಡು ಪಕ್ಕದ ತೆರೆದ ಬಾಗಿಲಿಗೆ ಹೋಗುತ್ತವೆ. ಒಂದು ಸಾಲಿನ ಪೆಟ್ಟಿಗೆಗಳಿಗೆ ಒಂದೇ ದಿನ ಟ್ರ್ಯಾಪ್ ಕೂರಿಸಿ, ಮೊದಲ ದಿನ ಜಾಲರಿ ತೆರೆದೇ ಇರಲಿ. ಬಿಸಿಲಿನಲ್ಲಿ ನೊಣಗಳು ಬಾಗಿಲ ಹೊರಗೆ ಗೊಂಚಲುಗಟ್ಟಿದರೆ ಗಾಳಿ ಸಾಲುತ್ತಿಲ್ಲ, ಆ ದಿನ ಸಂಗ್ರಹ ಬೇಡ.

ಸಿಕ್ಕ ಪರಾಗ ಕೆಡುತ್ತಿದೆ

ಹಸಿ ಪರಾಗದಲ್ಲಿ ನೂರಕ್ಕೆ 20ರಿಂದ 30 ಭಾಗ ನೀರಿರುತ್ತದೆ. ತಟ್ಟೆಯಲ್ಲಿ ಒಂದು ರಾತ್ರಿ ಹೆಚ್ಚು ಉಳಿದರೆ ಬೂಷ್ಟು ಹಿಡಿಯಲು ಅಷ್ಟು ಸಾಕು. ತಟ್ಟೆಯ ತಳ ತಗಡಿನದಾಗಿದ್ದರೆ ಬೆವರುತ್ತದೆ, ಸಣ್ಣ ಕಣ್ಣಿನ ಜಾಲರಿಯ ತಳ ಇರಲಿ. ದಿನವೂ ಸಂಜೆ ತೆಗೆಯಿರಿ. ತೇವದ ಹವೆಯಲ್ಲಿ ಎರಡು ಸಲ. ತಕ್ಷಣ ಒಣಗಿಸಲಾಗದಿದ್ದರೆ ಫ್ರೀಜರ್‌ಗೆ ಸೇರಿಸಿ. ಮೈನಸ್ 18 ಡಿಗ್ರಿಯಲ್ಲಿ ಎರಡು ದಿನ ಇಟ್ಟರೆ ಮೇಣದ ಪತಂಗದ ಮೊಟ್ಟೆಗಳೂ ಸಾಯುತ್ತವೆ. ಒಣಗಿಸುವ ಶಾಖ 40 ಡಿಗ್ರಿ ದಾಟಬಾರದು, ನೇರ ಬಿಸಿಲೂ ಬೇಡ. ನೀರಿನಂಶ ನೂರಕ್ಕೆ 8 ಭಾಗಕ್ಕಿಂತ ಕೆಳಗಿಳಿದರೆ ಡಬ್ಬಿಯಲ್ಲಿ ನಿಲ್ಲುತ್ತದೆ. ಅಳೆಯುವ ಉಪಕರಣ ಇಲ್ಲದಿದ್ದರೆ ಗಾಜಿನ ಬಾಟಲಿಗೆ ತುಂಬಿ ಬಿಗಿದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗಾಜಿನ ಒಳಗೆ ಮಂಜು ಕಟ್ಟಿದ್ದರೆ ಅಥವಾ ಕಾಳುಗಳು ಒಂದಕ್ಕೊಂದು ಅಂಟಿದ್ದರೆ ಇನ್ನೂ ಒಣಗಿಲ್ಲ.

ಪರಾಗದ ನಡುವೆ ಸುಣ್ಣದ ತುಂಡಿನಂಥ ಗಟ್ಟಿ ಬಿಳಿ ಅಥವಾ ಬೂದುಗಪ್ಪು ಚೂರುಗಳು ಸಿಕ್ಕರೆ ಅವು ಶಿಲೀಂಧ್ರದಿಂದ ಸತ್ತು ಒಣಗಿದ ಮರಿಗಳು. ಆ ತಟ್ಟೆಯ ಪರಾಗವನ್ನು ತಿನ್ನಲೂ ಬೇಡಿ, ಬೇರೆ ಪೆಟ್ಟಿಗೆಗೆ ಉಣಿಸಲೂ ಬೇಡಿ. ಪೆಟ್ಟಿಗೆಯ ತೇವ ಕಡಿಮೆ ಮಾಡಿ, ಆ ರಾಣಿಯಿಂದ ಮರಿ ಎತ್ತುವುದನ್ನು ನಿಲ್ಲಿಸಿ. ಸುತ್ತಮುತ್ತ ಕೀಟನಾಶಕ ಸಿಂಪಡಿಸುತ್ತಿರುವ ದಿನಗಳಲ್ಲಿ ಸಂಗ್ರಹವನ್ನೇ ಕೈಬಿಡಿ. ಪರಾಗ ಕೊಡುವಾಗ ಅಲರ್ಜಿಯ ಎಚ್ಚರಿಕೆಯನ್ನೂ ಹೇಳಿ, ಕೆಲವರಿಗೆ ಒಂದು ಚಿಟಿಕೆಯೂ ಅಪಾಯ ತರಬಲ್ಲದು.

ಯಾವ ಪೆಟ್ಟಿಗೆಗೆ ಟ್ರ್ಯಾಪ್, ಯಾವುದಕ್ಕೆ ಬೇಡ

ದಾದಿ ಕುಟುಂಬವಾಗಲಿರುವ ಪೆಟ್ಟಿಗೆಯಿಂದ ಮರಿಹುಳು ವರ್ಗಾವಣೆಗೆ ಐದು ವಾರ ಮೊದಲೇ ಟ್ರ್ಯಾಪ್ ತೆಗೆಯಿರಿ. ಗಂಡು ನೊಣ ಬೆಳೆಸುವ ಪೆಟ್ಟಿಗೆಗಳಿಗೆ ಮಿಲನದ ದಿನಕ್ಕಿಂತ ನಲವತ್ತು ದಿನ ಹಿಂದಿನಿಂದ ಮಿಲನ ಮುಗಿಯುವವರೆಗೆ ಹಾಕಬೇಡಿ. ಉಳಿದ ಬಲವಾದ ಪೆಟ್ಟಿಗೆಗಳಿಗೆ ಎರಡು ಮೂರು ದಿನ ಹಾಕಿ, ಅಷ್ಟೇ ದಿನ ತೆರೆದಿಡಿ. ತೆರೆದ ದಿನಗಳಲ್ಲಿ ಒಂದು ಎರಿ ಎತ್ತಿ ಪರಾಗದ ವಲಯ ಮರಳಿ ಕಟ್ಟಿದೆಯೇ ನೋಡಿಕೊಂಡೇ ಮತ್ತೆ ಮುಚ್ಚಬೇಕು. ಹೂವಿನ ಸುಗ್ಗಿಯಲ್ಲಿ ಹೀಗೆ ಕೂಡಿಸಿ ಫ್ರೀಜರ್‌ನಲ್ಲಿಟ್ಟ ಪರಾಗದಲ್ಲಿ ಒಂದು ಪಾಲನ್ನು, ರೋಗವಿಲ್ಲದ ನಿಮ್ಮದೇ ಪೆಟ್ಟಿಗೆಗಳದ್ದೆಂದು ಖಚಿತವಿದ್ದರೆ, ಸಕ್ಕರೆ ಪಾಕದಲ್ಲಿ ಕಲಸಿ ಕಪ್‌ಗಳ ಚೌಕಟ್ಟಿನ ಮಗ್ಗುಲಲ್ಲೇ ದಾದಿ ಕುಟುಂಬಕ್ಕೆ ಕೊಡಿ. ಎಲ್ಲಿಂದಲೋ ಕೊಂಡ ಪರಾಗ ಬೇಡ, ಫೌಲ್‌ಬ್ರೂಡ್‌ನ ಬೀಜಾಣುಗಳು ದಶಕಗಟ್ಟಲೆ ಬದುಕಿರುತ್ತವೆ. ಇಷ್ಟು ಮಾಡಿದ ಮೇಲೂ ಕೋಶದ ತಳದಲ್ಲಿ ರಸ ಉಳಿಯದಿದ್ದರೆ ಮುಂದಿನ ಸುತ್ತಿನಲ್ಲಿ ಕಪ್‌ಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ ನೋಡಿ.